ವಿಶ್ರಾಂತಿಯೂ ಪ್ರಯಾಸವೂ

ಸವೆದ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಿಂದ ಹೊಸ ಕೀಲನ್ನು ಹಾಕಿಸಿಕೊಂಡು ಬಂದವರು ಈಗ ಗ್ರಾಮಗಳಲ್ಲಿಯೂ ಇದ್ದಾರೆ. ಇಂಥವರ ಮನೆಗಳಲ್ಲಿ ನಾವು ಎರಡು ವಿಧವಾದ ಮಾತುಗಳನ್ನು ಕೇಳುತ್ತೇವೆ. "ಅಮ್ಮಾ, ನೀನು ಅಲ್ಲಾಡಬೇಡ, ಎಲ್ಲವನ್ನು ನಾವೇ ಮಾಡುತ್ತೇವೆ" ಎಂಬದು ಮಕ್ಕಳ ಮಾತು. "ಎಲ್ಲರೂ ಗದ್ದೆಯಲ್ಲಿ ದುಡಿಯುವಾಗ ನಾನೊಬ್ಬಳೇ ಕೂತು ಉಣ್ಣುವದು ಹೇಗೆ?" ಎಂಬದು ತಾಯಿಯ ಮಾತು. ಮೊದಲನೆಯದು ಪ್ರೀತಿಯಿಂದಲೂ ಎರಡನೆಯದು ಮಾನದಿಂದಲೂ ಹುಟ್ಟಿದವು. ಆದರೂ ಎರಡೂ ಕೇಡನ್ನುಂಟುಮಾಡಬಲ್ಲವು. ಹಾಗಾದರೆ ಗುಣಹೊಂದುತ್ತಿರುವವರ ಕರ್ತವ್ಯವು ವಿಶ್ರಾಂತಿಯೋ ಪ್ರಯಾಸವೋ?

ಈ ಪ್ರಶ್ನೆಯು ವೈದ್ಯರಲ್ಲಿಯೂ ಹಳೆಯದೇ. 19ನೆಯ ಶತಮಾನದಲ್ಲಿ ಲಿವರ್‌ಪೂಲಿನ ಹ್ಯೂ ಓವೆನ್ ಥಾಮಸನು ರೋಗಹಿಡಿದ ಕೀಲಿಗೆ ದೀರ್ಘವಾದ, ಎಡೆಬಿಡದ ವಿಶ್ರಾಂತಿಯೇ ಬೇಕೆಂದು ಬೋಧಿಸಿದನು. ಪ್ಯಾರಿಸಿನ ಲುಕಾ-ಶಾಂಪಿಯೊನಿಯೇರನಾದರೋ ಮುರಿದ ಎಲುಬಿಗೂ ಚಲನೆಯೇ ಹಿತವೆಂದು ವಾದಿಸಿದನು.

ಇಂದಿನ ವೈದ್ಯರು ಹೊಸ ಕೀಲನ್ನು ಹಾಕಿದ ದಿನವೇ ಅಥವಾ ಮರುದಿನ ರೋಗಿಯನ್ನು ಎಬ್ಬಿಸಿ ನಿಲ್ಲಿಸುತ್ತಾರೆ. ಯಾಕಂದರೆ ತೊಡೆಯ ಮುಂಭಾಗದ ಸ್ನಾಯುವು ಮೊದಲನೆಯ ತಿಂಗಳಲ್ಲಿ ತನ್ನ ಬಲದ ಅರ್ಧದಷ್ಟನ್ನು ಕಳಕೊಳ್ಳುವದುಂಟು. ಅಲ್ಲಾಡದ ಕೀಲು ಬಿಗಿಯುತ್ತದೆ. ಕಾಲಿನಲ್ಲಿ ರಕ್ತವು ಹೆಪ್ಪುಗಟ್ಟುವ ಭಯವೂ ಉಂಟು. ಆದಕಾರಣ ಪಾದವನ್ನು ಮೇಲಕ್ಕೂ ಕೆಳಕ್ಕೂ ಆಡಿಸುವದು, ತೊಡೆಯನ್ನು ಬಿಗಿದು ಸಡಿಲಿಸುವದು, ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸಿ ಮೊಣಕಾಲನ್ನು ಮಡಿಸುವದು, ಇವೇ ಮೊದಲ ದಿನಗಳ ಕೆಲಸ.

ರೋಗಿಯ ಶ್ರಮವಿಲ್ಲದೆ ಕಾಲನ್ನು ತಾನೇ ಮಡಿಸಿ ಚಾಚುವ ಯಂತ್ರವೊಂದುಂಟು. ವ್ಯಾಯಾಮದೊಂದಿಗೆ ಇದನ್ನೂ ಉಪಯೋಗಿಸಿ ನೋಡಿದಾಗ, ಅದರಿಂದ ದೊರಕಿದ ಹೆಚ್ಚಿನ ಲಾಭವು ಅತ್ಯಲ್ಪವೆಂದು ತಿಳಿದುಬಂತು. ಎಲ್ಲವನ್ನು ತಾವೇ ಮಾಡುವ ಮಕ್ಕಳು ಇದನ್ನು ಯೋಚಿಸಲಿ. ತಾಯಿಯ ನೋವನ್ನು ಕಂಡು ಅವಳ ವ್ಯಾಯಾಮವನ್ನು ತಡೆಯುವ ಕರುಣೆಯು ಅವಳ ಕಾಲನ್ನೇ ಕಸಕೊಳ್ಳುತ್ತದೆ.

ಆದರೆ ಆತುರವು ಧೈರ್ಯವಲ್ಲ. ಊತವು ಕೆಲವು ತಿಂಗಳು ಇರಬಹುದು. ಪೂರ್ಣವಾಗಿ ಸುಧಾರಿಸಲು ಒಂದು ವರುಷವೂ ಹಿಡಿಯಬಹುದು. ವ್ಯಾಯಾಮದಿಂದಾದ ನೋವು ಸ್ವಲ್ಪ ಹೊತ್ತಿನಲ್ಲಿ ಇಳಿದರೆ ಅಂಜಬೇಕಾಗಿಲ್ಲ. ಮರುದಿನ ನೋವೂ ಊತವೂ ಹೆಚ್ಚಾಗಿದ್ದರೆ ಅಳತೆ ಮೀರಿತೆಂದು ತಿಳಿದು ಕಡಿಮೆಮಾಡಬೇಕು. ಮೀನಖಂಡವು ಊದಿ ನೊಂದರೆ, ಜ್ವರ ಬಂದರೆ, ಗಾಯದಲ್ಲಿ ಕೀವು ಕಂಡರೆ, ಉಸಿರಾಟವು ಕಷ್ಟವಾದರೆ ತಡಮಾಡದೆ ವೈದ್ಯರ ಬಳಿಗೆ ಹೋಗತಕ್ಕದ್ದು. ಕುಕ್ಕುರುಗಾಲಲ್ಲಿ ಕೂತು ಕಳೆ ಕೀಳುವದಕ್ಕೂ ತಲೆಹೊರೆ ಹೊರುವದಕ್ಕೂ ಇದು ಕಾಲವಲ್ಲ.

"ಬಡವರಿಗೆ ಇಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಒಂದು ದಿನದ ಕೂಲಿ ತಪ್ಪಿದರೆ ಒಂದು ದಿನದ ಗಂಜಿ ತಪ್ಪುತ್ತದೆ" ಎಂದು ಕೆಲವರು ಕೇಳುವರು. ಈ ಮಾತನ್ನು ನಾವು ತಳ್ಳಿಬಿಡಲಾರೆವು. ಬರಿಗೈಯವರಿಗೆ ತಾಳ್ಮೆಯನ್ನು ಉಪದೇಶಿಸುವದು ಸುಲಭ. ಆದರೆ ಒಕ್ಕಲಿಗರು ಮುಯ್ಯಾಳಿನ ಪದ್ಧತಿಯನ್ನು ಬಲ್ಲರು: ಇಂದು ನನ್ನ ಗದ್ದೆಗೆ ನೀನು, ನಾಳೆ ನಿನ್ನ ಗದ್ದೆಗೆ ನಾನು. ಅದರಲ್ಲಿ ಸಹಾಯ ಪಡೆದವನು ತಲೆತಗ್ಗಿಸುವದಿಲ್ಲ. ಅವನು ಸಾಲಗಾರನೇ ಹೊರತು ಭಿಕ್ಷುಕನಲ್ಲ. ಕಾಲು ನೊಂದವರ ಪಾಲಿನ ನಾಟಿಯನ್ನು ನೆರೆಯವರು ಮಾಡಿಕೊಟ್ಟರೆ ಅದೂ ಮುಯ್ಯಿಯೇ. ಅದನ್ನು ತೀರಿಸಬೇಕಾದರೆ ಮೊದಲು ಕಾಲು ಗಟ್ಟಿಯಾಗಬೇಕು. ಮಾನಕ್ಕೆ ಅಂಜಿ ಬೇಗನೆ ಗದ್ದೆಗಿಳಿದು ಬಿದ್ದರೆ, ಮನೆಯವರ ಹೊರೆಯು ಇಮ್ಮಡಿಯಾಗುವದು.

ಆದಕಾರಣ, ಪ್ರಿಯ ವಾಚಕರೇ, ಗೋಡೆಯ ಪಕ್ಕದಲ್ಲಿ ಹಲ್ಲುಕಚ್ಚಿ ಹತ್ತು ಸಾರಿ ಮೊಣಕಾಲು ಮಡಿಸುವವರನ್ನು ಸೋಮಾರಿಗಳೆನ್ನಬೇಡಿರಿ. ಆ ದಿನಕ್ಕೆ ನೇಮಿತವಾದ ಕೆಲಸವನ್ನು ಅವರು ಮಾಡಿದ್ದಾರೆ. ಅವರ ಪಕ್ಕದಲ್ಲಿ ನಿಂತು ಎಣಿಸಿರಿ. ಅವರ ಪಾಲಿನ ನೀರನ್ನು ಹೊತ್ತು ತನ್ನಿರಿ. ಅವರು ತಾವೇ ಲೋಟವನ್ನು ತಕ್ಕೊಳ್ಳಲು ಎದ್ದಾಗ ಮಾತ್ರ ತಡೆಯಬೇಡಿರಿ.