ಶಾಂತಿ ಸಭೆಯ ಮುಂದಿನ ಸಾಲು

2015ರ ಅಕ್ಟೋಬರ್ 9ರಂದು ಮೂಡುಬಿದಿರೆಯಲ್ಲಿ ಕೊಲೆಯಾದವರು ಹೂವಿನ ವ್ಯಾಪಾರಿ, ಬಜರಂಗದಳದ ಕಾರ್ಯಕರ್ತ. 2017ರ ಜೂನ್ 21ರಂದು ಬಂಟ್ವಾಳ ತಾಲೂಕಿನ ಬೆಂಜನಪದವಿನಲ್ಲಿ ಎಸ್‌ಡಿಪಿಐಗೆ ಸೇರಿದ ರಿಕ್ಷಾ ಚಾಲಕ. ಎರಡು ವಾರ ತುಂಬುವ ಮೊದಲೇ, ಜುಲೈ 4ರ ರಾತ್ರಿ ಬಿ.ಸಿ.ರೋಡಿನಲ್ಲಿ ಆರೆಸ್ಸೆಸ್ ಕಾರ್ಯಕರ್ತರೊಬ್ಬರಿಗೆ ಇರಿದರು. ಲಾಂಡ್ರಿ ಅಂಗಡಿ ನಡೆಸುತ್ತಿದ್ದ ಅವರು ಆಸ್ಪತ್ರೆಯಲ್ಲಿ ತೀರಿಕೊಂಡರು. 2025ರ ಮೇ 27ರಂದು ಕೊಳತ್ತಮಜಲಿನಲ್ಲಿ ಪಿಕಪ್‌ನಿಂದ ಮರಳು ಇಳಿಸುತ್ತಿದ್ದ ಚಾಲಕ. ಇವರು ಮಸೀದಿಯ ಕಾರ್ಯದರ್ಶಿಯೂ ಆಗಿದ್ದರು.

ಪಕ್ಷ, ಸಂಘಟನೆಗಳ ಹೆಸರು ಬದಿಗಿಟ್ಟು ಕಸುಬು ಮಾತ್ರ ನೋಡಿ. ಹೂವಿನವನು ಬಂದವರ ಧರ್ಮ ಕೇಳಿ ಮಾಲೆ ಕೊಡುವುದಿಲ್ಲ. ರಿಕ್ಷಾದವನು ಕೈ ಅಡ್ಡ ಹಿಡಿದವರಿಗೆ ನಿಲ್ಲಿಸಲೇಬೇಕು. ಮರಳಿನವನು ಕರೆದ ಮನೆಯಂಗಳಕ್ಕೆ ಹೋಗಲೇಬೇಕು. ಸೇಡಿಗೆ ಬೇಕಾಗುವುದು ತಪ್ಪು ಮಾಡಿದವನಲ್ಲ, ಕೈಗೆ ಸಿಗುವವನು. ಭಾಷಣ ಮಾಡಿದವರು ಕೈಗೆ ಸಿಗುವುದಿಲ್ಲ, ಅವರ ಹಿಂದೆ ಮುಂದೆ ಜನ ಇರುತ್ತಾರೆ.

ಪ್ರತಿ ಸಲವೂ ನಿಷೇಧಾಜ್ಞೆ, ಬಂದೋಬಸ್ತ್, ಆಮೇಲೆ ಶಾಂತಿ ಸಭೆ. 2025ರ ಜೂನ್‌ನಲ್ಲಿ ಸರ್ಕಾರ ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ ಜಿಲ್ಲೆಗಳಿಗೆಂದು 248 ಸಿಬ್ಬಂದಿಯ ವಿಶೇಷ ಕಾರ್ಯಪಡೆಯನ್ನೂ ಮಾಡಿತು. ಪೊಲೀಸರು ಬೇಕು, ಬೇಡವೆನ್ನುವವನು ನಾನಲ್ಲ. ನನ್ನ ತಕರಾರು ಶಾಂತಿ ಸಭೆಯ ಮೇಲೆ.

ಈ ಸೀಮೆಗೆ ಸಭೆ ನಡೆಸಲು ಬರುವುದಿಲ್ಲ ಎನ್ನುವಂತಿಲ್ಲ. ಬಂಟ್ವಾಳದ ಪಕ್ಕದ ಬೆಳ್ತಂಗಡಿಯಲ್ಲಿ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ಶುರುವಾಗಿ ದಶಕಗಳೇ ಆದವು. ಯಾವುದೋ ಸಭಾಭವನದಲ್ಲಿ ಎಂಟು ದಿನ ವಾಸ. ನಡೆಸಲು ಊರವರದೇ ಸಮಿತಿ. ಮೊದಲೆರಡು ದಿನ ಕುಡುಕನ ಕೈ ಚಹಾದ ಲೋಟ ಹಿಡಿಯಲಾರದಷ್ಟು ನಡುಗುತ್ತದೆ, ನಿದ್ದೆ ಇಲ್ಲ, ನೋಡಿಕೊಳ್ಳುವವರು ಪಕ್ಕದಲ್ಲೇ ಇರಬೇಕು. ನಡುವೆ ಹೆಂಡತಿ ಮಕ್ಕಳು ಬರುತ್ತಾರೆ, ಮನೆಯಲ್ಲಿ ನಡೆದದ್ದು ಅವನೆದುರೇ ಮಾತಿಗೆ ಬರುತ್ತದೆ. ಮನೆಗೆ ಹೋದ ಮೇಲೂ, ಕುಡಿತ ಬಿಟ್ಟವರದೇ ಆದ ನವಜೀವನ ಸಮಿತಿ ಬಿಡುವುದಿಲ್ಲ. ಮತ್ತೆ ಕುಡಿಯುವವರೂ ಇದ್ದಾರೆ ಅನ್ನಿ. ಆದರೂ ಮುಚ್ಚಿಟ್ಟುಕೊಳ್ಳುತ್ತಿದ್ದ ಚಟವೊಂದನ್ನು ಹತ್ತು ಜನರೆದುರು ಕಾಯಿಲೆ ಎಂದು ಹೇಳುವ ರೂಢಿ ಬಂತು.

ಅಲ್ಲಿ ಕುಡಿಯುವವನೇ ಕೂತಿರುತ್ತಾನೆ. ಶಾಂತಿ ಸಭೆಯಲ್ಲಿ ಸೇಡಿಗೆ ಹೊರಡಬಹುದಾದ ಇಪ್ಪತ್ತೆರಡು ವರ್ಷದ ಹುಡುಗನನ್ನು ಕಂಡವರುಂಟೇ? ತಹಶೀಲ್ದಾರರು, ಇನ್‌ಸ್ಪೆಕ್ಟರು, ಎರಡೂ ಕಡೆಯ ಮುಖಂಡರು. ‘ನಮ್ಮ ಊರು ಸೌಹಾರ್ದಕ್ಕೆ ಹೆಸರಾದದ್ದು’ ಎಂಬ ನಾಲ್ಕು ಮಾತು, ಚಹಾ, ಫೋಟೊ. ಮದ್ಯವರ್ಜನ ಶಿಬಿರಕ್ಕೆ ವೈನ್‌ಶಾಪಿನವನನ್ನು ಯಾರೂ ಅತಿಥಿಯಾಗಿ ಕರೆಯುವುದಿಲ್ಲ. ಇಲ್ಲಿ ಮುಂದಿನ ಸಾಲಿನ ಕುರ್ಚಿಯೇ ಅವನಿಗೆ.

ಸೇಡು ಚಟವಲ್ಲ, ಅಪರಾಧ, ಅದಕ್ಕೆ ಶಿಬಿರವಲ್ಲ ಜೈಲು ಎನ್ನುವವರ ಮಾತು ಒಪ್ಪತಕ್ಕದ್ದೇ. ಕೊಂದವನಿಗೆ ಕೋರ್ಟೇ ಸರಿ. ನಾನು ಹೇಳುತ್ತಿರುವುದು ಇನ್ನೂ ಕೊಲ್ಲದವನ ಬಗ್ಗೆ, ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್‌ನಲ್ಲಿ ‘ಬಿಡಬಾರದು’ ಎಂದು ಬರೆದು ಬೆಳಿಗ್ಗೆ ಕೆಲಸಕ್ಕೆ ಹೋಗುವವನ ಬಗ್ಗೆ. ಅವನನ್ನೂ ಅವನ ಅಮ್ಮನನ್ನೂ ಕೂರಿಸಿ ಮಾತಾಡಿಸುವುದಕ್ಕೆ ಸರ್ಕಾರದ ಆದೇಶವೇನೂ ಬೇಕಿಲ್ಲ. ಜೈಲಿಗೆ ಹೋಗಿಬಂದವನ ತಾಯಿಯನ್ನು ಮೊದಲು ಮಾತಾಡಲು ಬಿಡಲಿ: ವಕೀಲರ ಫೀಸು ಎಷ್ಟಾಯಿತು, ತಂಗಿಯ ಸಂಬಂಧ ಯಾಕೆ ಮುರಿದುಬಿತ್ತು, ಮುಖಂಡರು ಎಷ್ಟನೆಯ ವಾಯಿದೆಗೆ ಬರುವುದು ನಿಲ್ಲಿಸಿದರು.