ಇಂದಿನ ಧಮ್ಮ ಚಿಂತನೆ: ಅರಳು ಮರಳಲ್ಲ, ಕಾಯಿಲೆ

 


‘ಅರವತ್ತಕ್ಕೆ ಅರಳು ಮರಳು’ ಎಂದು ನಮ್ಮ ಕೊಪ್ಪದ ಕಡೆ ನಕ್ಕು ಸುಮ್ಮನಾಗುತ್ತೇವೆ. ಆದರೆ ಉಂಡದ್ದು ಮರೆತು ಮತ್ತೆ ಮುದ್ದೆ ಕೇಳುವ ಅವ್ವನಿಗೆ, ಗದ್ದೆಯಿಂದ ಬರುವಾಗ ದಾರಿ ತಪ್ಪುವ ಅಪ್ಪನಿಗೆ ಮಿದುಳಿನ ಕಾಯಿಲೆ ಇರಬಹುದು. 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ, ಭಾರತದಲ್ಲಿ 60 ದಾಟಿದ 100 ಜನರಲ್ಲಿ ಸುಮಾರು 7 ಮಂದಿಗೆ ಡಿಮೆನ್ಷಿಯಾ ಇದೆ. ಅದರಲ್ಲಿ ಹೆಚ್ಚಾಗಿ ಕಾಣುವುದು ಆಲ್‌ಝೈಮರ್ಸ್.

ಇದನ್ನು ಗಾಳಿ ಸೋಕಿದ್ದು, ಹಿಂದಿನ ಜನ್ಮದ ಕರ್ಮ ಎನ್ನಬೇಡಿ. ಆ ಕರ್ಮದ ಮಾತು ಹೇಳಿಯೇ ನಮ್ಮನ್ನು ಊರಾಚೆ ಇಟ್ಟಿದ್ದರು. ಬಾಬಾಸಾಹೇಬರು ಅದನ್ನು ತಿರಸ್ಕರಿಸಿದರು. ಅದನ್ನೇ ಹೆತ್ತವರ ಮೇಲೆ ನಾವು ಹೇರುವುದೇ? ಕಾರಣ ಹುಡುಕುವುದು ಬುದ್ಧರ ದಾರಿ. ಥೈರಾಯ್ಡ್ ತೊಂದರೆ, ಬಿ12 ಕೊರತೆಯಿಂದಲೂ ಮರೆವು ಬರುತ್ತದೆ, ಅದಕ್ಕೆ ಚಿಕಿತ್ಸೆಯಿದೆ. ಮೊದಲು ವೈದ್ಯರಿಗೆ ತೋರಿಸಿ. ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಆಲ್‌ಝೈಮರ್ಸ್ ಪೂರ್ತಿ ವಾಸಿಯಾಗದು. ಅಲ್ಲಿ ಆರೈಕೆಯೇ ದೊಡ್ಡ ಆಸರೆ.

ಹೊಲಸಿನಲ್ಲಿ ಬಿದ್ದಿದ್ದ ರೋಗಿ ಭಿಕ್ಖುವನ್ನು ಭಗವಾನ್ ಬುದ್ಧರು ಆನಂದರ ಜೊತೆ ಸೇರಿ ತಾವೇ ತೊಳೆದು, ಎತ್ತಿ ಮಲಗಿಸಿದರು. ಗಮನಿಸಿ, ಇಬ್ಬರು ಸೇರಿ ಎತ್ತಿದರು. ನಮ್ಮ ಮನೆಗಳಲ್ಲಿ ಈ ಭಾರವೆಲ್ಲ ಸೊಸೆಯೊಬ್ಬಳ ಮೇಲೆ. ಗಂಡುಮಕ್ಕಳೂ ಹೆಗಲು ಕೊಡಲಿ. ಹತ್ತನೇ ಸಲ ಅದೇ ಪ್ರಶ್ನೆ ಕೇಳಿದಾಗಲೂ ಸಿಡುಕದೆ ಉತ್ತರಿಸುವುದೇ ಖಂತಿ, ಅಂದರೆ ತಾಳ್ಮೆ.

ಇಂದಿನ ಸಾಧನೆ: ನಿಮ್ಮ ಬೀದಿಯಲ್ಲಿ ಅಂಥ ಹಿರಿಯರಿದ್ದರೆ ಒಂದು ಗಂಟೆ ಅವರ ಬಳಿ ಕೂತುಕೊಳ್ಳಿ. ನೋಡಿಕೊಳ್ಳುವ ಆ ತಾಯಿಗೆ ಅಷ್ಟು ಹೊತ್ತು ಬಿಡುವು ಸಿಗಲಿ.

ಸಾಧು, ಸಾಧು, ಸಾಧು.