ಫಲಾಹ್: ಉತ್ತು ಬೆಳೆಯಬೇಕಾದ ಕ್ಷೇಮ

ದಿನಕ್ಕೆ ಐದು ಬಾರಿ ಮಸೀದಿಯಿಂದ ಬಾಂಗ್ ಮೊಳಗುತ್ತದೆ. ಪ್ರತಿ ಬಾಂಗ್‌ನಲ್ಲೂ ಮೊದಲು ನಮಾಝ್‌ನೆಡೆಗೆ, ಬಳಿಕ ‘ಫಲಾಹ್’ನೆಡೆಗೆ ಎರಡೆರಡು ಸಲ ಕರೆ ನೀಡಲಾಗುತ್ತದೆ. ಅಂದರೆ ಒಂದೇ ದಿನದಲ್ಲಿ 10 ಬಾರಿ ಈ ಪದ ನಮ್ಮ ಕಿವಿಗೆ ಬೀಳುತ್ತದೆ. ವಿಜಯ, ಕ್ಷೇಮ, ಯಶಸ್ಸು ಎಂದು ನಾವು ಅದಕ್ಕೆ ಅರ್ಥ ಹೇಳುತ್ತೇವೆ. ಆದರೆ ಆ ಪದದ ಬೇರು ಇರುವುದು ಹೊಲದಲ್ಲಿ. ಅರಬಿ ಭಾಷೆಯಲ್ಲಿ ಅದರ ಮೂಲಾರ್ಥ ಸೀಳುವುದು, ನೆಲವನ್ನು ಉಳುವುದು. ರೈತನಿಗೆ ಅರಬರು ‘ಫಲ್ಲಾಹ್’ ಎನ್ನುತ್ತಾರೆ.

ಪ್ರಿಯ ಓದುಗರೇ, ಈ ಅರ್ಥವನ್ನು ತುಸು ಚಿಂತಿಸಿ ನೋಡಿ. ಕ್ಷೇಮವೆಂಬುದು ಪೇಟೆಯಿಂದ ಹಣ ಕೊಟ್ಟು ತರುವ ಸರಕಲ್ಲ. ಅದೃಷ್ಟದಿಂದ ಮಡಿಲಿಗೆ ಬೀಳುವ ಹಣ್ಣೂ ಅಲ್ಲ. ಅದೊಂದು ಬೆಳೆ. ಮಳೆ ಸುರಿಸುವವನು ಅಲ್ಲಾಹನು. ಆದರೆ ಉಳದೆ, ಬಿತ್ತದೆ, ಕಳೆ ಕೀಳದೆ ಕುಳಿತವನ ಗದ್ದೆಯಲ್ಲಿ ಅದೇ ಮಳೆ ಬರೀ ಹುಲ್ಲನ್ನು ಬೆಳೆಸುತ್ತದೆ.

ಹಾಗಾದರೆ ನಾವು ಉಳಬೇಕಾದ ನೆಲ ಯಾವುದು? ಬುಖಾರಿಯಲ್ಲಿ ವರದಿಯಾದ ಒಂದು ಘಟನೆ ಇದಕ್ಕೆ ಉತ್ತರ ಕೊಡುತ್ತದೆ. ಮದೀನಾದಲ್ಲಿ ಪ್ರವಾದಿವರ್ಯರು(ಸ) ಸಲ್ಮಾನ್ ಫಾರಿಸಿ(ರ) ಮತ್ತು ಅಬುದ್ದರ್ದಾ(ರ)ರ ನಡುವೆ ಸಹೋದರ ಸಂಬಂಧ ಏರ್ಪಡಿಸಿದ್ದರು. ಒಮ್ಮೆ ಸಲ್ಮಾನ್(ರ) ಆ ಮನೆಗೆ ಹೋದಾಗ ಮನೆಯೊಡತಿ ಮಾಸಿದ ಉಡುಪಿನಲ್ಲಿದ್ದರು. ಕಾರಣ ಕೇಳಿದಾಗ, ನಿಮ್ಮ ಸಹೋದರರಿಗೆ ಲೋಕದ ಗೊಡವೆಯೇ ಬೇಡವಾಗಿದೆ ಎಂದರು. ಅಬುದ್ದರ್ದಾ(ರ) ಅತಿಥಿಗೆ ಊಟ ಬಡಿಸಿದರು, ತಾವು ಮಾತ್ರ ಉಪವಾಸವೆಂದರು. ನೀವು ಉಣ್ಣದೆ ನಾನು ಉಣ್ಣಲಾರೆ ಎಂದು ಸಲ್ಮಾನ್(ರ) ಪಟ್ಟು ಹಿಡಿದು ಉಣ್ಣಿಸಿದರು. ರಾತ್ರಿ ನಮಾಝ್‌ಗೆ ಎದ್ದಾಗಲೂ ತಡೆದು ಮಲಗಿಸಿದರು. ರಾತ್ರಿಯ ಕೊನೆಯ ಜಾವದಲ್ಲಿ ಎಬ್ಬಿಸಿ, ಇಬ್ಬರೂ ಕೂಡಿ ನಮಾಝ್ ಮಾಡಿದರು. ಪ್ರಭುವಿಗೆ ನಿಮ್ಮ ಮೇಲೆ ಹಕ್ಕಿದೆ, ನಿಮ್ಮ ಶರೀರಕ್ಕೂ ಹಕ್ಕಿದೆ, ಮನೆಯವರಿಗೂ ಹಕ್ಕಿದೆ, ಪ್ರತಿಯೊಬ್ಬರಿಗೂ ಅವರವರ ಹಕ್ಕನ್ನು ಸಲ್ಲಿಸಿರಿ ಎಂಬುದು ಸಲ್ಮಾನರ(ರ) ಉಪದೇಶದ ಸಾರ. ವಿಷಯ ಪ್ರವಾದಿವರ್ಯರಿಗೆ(ಸ) ತಲುಪಿದಾಗ ಅವರು ಸಲ್ಮಾನರ(ರ) ಮಾತನ್ನೇ ಸರಿಯೆಂದರು.

ಇಲ್ಲೊಂದು ಸೂಕ್ಷ್ಮವಿದೆ. ಅಬುದ್ದರ್ದಾ(ರ) ಯಾವ ಪಾಪದಲ್ಲೂ ಮುಳುಗಿರಲಿಲ್ಲ, ಆರಾಧನೆಯಲ್ಲಿ ಮುಳುಗಿದ್ದರು. ಆದರೂ ಅವರನ್ನು ತಿದ್ದಬೇಕಾಯಿತು. ಆರಾಧನೆಯ ಹೆಸರಿನಲ್ಲಿ ಕೂಡ ಮನೆಯವರ ಹಕ್ಕನ್ನು ಕಡೆಗಣಿಸಬಾರದೆಂದಾದರೆ, ಸಂಪಾದನೆಯ ಹೆಸರಿನಲ್ಲಿ ಕಡೆಗಣಿಸುವುದು ಹೇಗೆ ಸರಿಯಾದೀತು?

ನಮ್ಮ ಕರಾವಳಿಯ ಊರುಗಳನ್ನು ನೋಡಿ. ಗಲ್ಫ್‌ನಲ್ಲಿ ಬೆವರು ಸುರಿಸಿ ದುಡಿದವರಿಂದ ಎಷ್ಟೋ ಮನೆಗಳು ಬಡತನದಿಂದ ಮೇಲೆದ್ದವು. ಹಲಾಲಾದ ದುಡಿಮೆ ಪುಣ್ಯದ ಕೆಲಸ. ಆದರೆ ಎರಡಂತಸ್ತಿನ ಮನೆಯ ಮೂಲೆಯ ಕೋಣೆಯಲ್ಲಿ ಉಮ್ಮ ಒಂಟಿಯಾಗಿ ತಸ್ಬೀಹ್ ಎಣಿಸುತ್ತಾ ಮಗನ ಫೋನಿಗೆ ಕಾಯುತ್ತಿದ್ದರೆ, ಸಹೋದರಿಗೆ ಸಲ್ಲಬೇಕಾದ ಆಸ್ತಿಯ ಪಾಲು ಸೇರಿಯೇ ಆ ಮನೆ ಎದ್ದಿದ್ದರೆ, ಆ ಗೋಡೆಗಳಿಗೆ ಎಷ್ಟು ಬಣ್ಣ ಬಳಿದರೂ ಒಳಗೆ ನೆಮ್ಮದಿ ಮೊಳೆಯದು. ‘ಎಲ್ಲವೂ ಇದೆ, ನೆಮ್ಮದಿಯೊಂದಿಲ್ಲ’ ಎಂದು ನಾವು ದೂರುತ್ತೇವೆ. ಯಾರ ಹಕ್ಕು ನಮ್ಮಲ್ಲಿ ಉಳಿದುಕೊಂಡಿದೆ ಎಂದು ಮಾತ್ರ ಕೇಳಿಕೊಳ್ಳುವುದಿಲ್ಲ.

ಇಂದಿನ ವಿದ್ವಾಂಸರೂ ಈ ದಾರಿಯಲ್ಲಿ ಬಹಳ ಹುಡುಕಿದ್ದಾರೆ. 1948ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನವು, ರೋಗವಿಲ್ಲದಿರುವುದಷ್ಟೇ ಆರೋಗ್ಯವಲ್ಲ, ದೇಹ, ಮನಸ್ಸು ಮತ್ತು ಸಾಮಾಜಿಕ ಬದುಕು ಮೂರೂ ಚೆನ್ನಾಗಿರಬೇಕೆಂದು ಹೇಳಿತು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 1938ರಲ್ಲಿ ಆರಂಭವಾದ ಒಂದು ಅಧ್ಯಯನ, ನೂರಾರು ಜನರ ಬದುಕನ್ನು 80ಕ್ಕೂ ಹೆಚ್ಚು ವರ್ಷಗಳ ಕಾಲ ಹಿಂಬಾಲಿಸಿತು. ಮುಪ್ಪಿನಲ್ಲಿ ಸುಖ, ಆರೋಗ್ಯಗಳನ್ನು ಕಾಯುವುದರಲ್ಲಿ ಸಿರಿತನ, ಕೀರ್ತಿಗಳಿಗಿಂತ ಒಳ್ಳೆಯ ಸಂಬಂಧಗಳ ಪಾಲು ದೊಡ್ಡದೆಂಬುದು ಅದರ ಮುಖ್ಯ ತಿಳಿವು.

ತನ್ನವರ ನಡುವೆ ನಿರ್ಭೀತಿ, ಶರೀರಕ್ಕೆ ಆರೋಗ್ಯ, ಆ ದಿನದ ಆಹಾರ, ಈ ಮೂರರೊಂದಿಗೆ ಬೆಳಗನ್ನು ಕಂಡವನಿಗೆ ಇಡೀ ಲೋಕವೇ ದೊರೆತಂತೆ ಎಂಬ ಅರ್ಥದ ಪ್ರವಾದಿ ವಚನ ತಿರ್ಮಿದಿಯಲ್ಲಿದೆ. ಇದರಲ್ಲಿ ಯಾವುದನ್ನು ಒಬ್ಬನೇ ಗಳಿಸಬಲ್ಲ? ನೆರೆಯವನು ಒಳ್ಳೆಯವನಾಗಿದ್ದರೆ ನಿರ್ಭೀತಿ. ಕಾಯಿಲೆ ಬಿದ್ದಾಗ ನೋಡಿಕೊಳ್ಳುವವರಿದ್ದರೆ ಆರೋಗ್ಯ. ಯಾರೋ ಉತ್ತು ಬೆಳೆದರೆ ಅನ್ನ.

ಆದ್ದರಿಂದ ಈ ವಚನವನ್ನು ಬಡವನ ಮುಂದಿಟ್ಟು, ಇದ್ದುದರಲ್ಲಿ ತೃಪ್ತಿಪಡು ಎಂದು ಉಪದೇಶಿಸಿ ಕೈತೊಳೆದುಕೊಳ್ಳಬಾರದು. ತೃಪ್ತಿ ನಾವು ನಮಗೆ ಹೇಳಿಕೊಳ್ಳಬೇಕಾದ ಪಾಠ. ಹಸಿದವನಿಗೆ ಕೊಡಬೇಕಾದುದು ಅನ್ನ. ಕೂಲಿಯವನಿಗೆ ಕೊಡಬೇಕಾದುದು ಬೆವರು ಆರುವ ಮೊದಲೇ ಕೂಲಿ. ವರ್ಷಕ್ಕೊಮ್ಮೆ ಶೇಕಡಾ 2.5ರಷ್ಟು ಝಕಾತ್ ನೀಡುವ ಶ್ರೀಮಂತನು ಬಡವನಿಗೆ ಭಿಕ್ಷೆ ಹಾಕುತ್ತಿಲ್ಲ, ಅವನ ಹಕ್ಕನ್ನು ಅವನಿಗೆ ತಲುಪಿಸುತ್ತಿದ್ದಾನೆ.

ರೈತನು ಬಿತ್ತಿದ ದಿನವೇ ಕೊಯ್ಯುವುದಿಲ್ಲ. ಮುರಿದ ಸಂಬಂಧವನ್ನು ಬೆಸೆಯಹೊರಟಾಗ ಮೊದಲ ದಿನವೇ ನಗುಮುಖ ಕಾಣದಿರಬಹುದು. ಸಹೋದರಿಯ ಪಾಲನ್ನು ಬಿಟ್ಟುಕೊಟ್ಟಾಗ ಕೈ ಬರಿದಾದಂತೆ ಅನಿಸಲೂಬಹುದು. ಬೀಜ ಮಣ್ಣಿಗಿಳಿದಾಗಲೂ ರೈತನ ಕಣಜ ಬರಿದಾದಂತೆಯೇ ಕಾಣುತ್ತದೆ. ಈ ಹೊಲದ ಒಂದಷ್ಟು ಫಸಲು ಇಲ್ಲಿಯೇ ಕೈ ಸೇರುತ್ತದೆ. ಪೂರ್ಣ ಸುಗ್ಗಿ ಪರಲೋಕದಲ್ಲಿ.

ಇನ್ನು ಬಾಂಗ್ ಕೇಳಿದಾಗ ಒಂದು ಕ್ಷಣ ನಿಲ್ಲಿ. ಫಲಾಹ್‌ನೆಡೆಗೆ ಕರೆಯುವ ಆ ದನಿಗೆ ಕಿವಿಗೊಡುವಾಗ ನಿಮ್ಮನ್ನೇ ಕೇಳಿಕೊಳ್ಳಿ: ಪ್ರಭುವಿನ, ಶರೀರದ, ಮನೆಯವರ, ನೆರೆಯವರ ಹಕ್ಕುಗಳಲ್ಲಿ ಇಂದು ಯಾವುದು ಬಾಕಿ ಉಳಿದಿದೆ? ಆ ಬಾಕಿಯಿಂದಲೇ ಉಳುಮೆ ಆರಂಭಿಸಿ.

ಪ್ರತಿಯೊಬ್ಬರ ಹಕ್ಕನ್ನು ಅರಿತು ಸಲ್ಲಿಸುವ ಭಾಗ್ಯವನ್ನೂ ಇಹಪರಗಳ ಕ್ಷೇಮವನ್ನೂ ಅಲ್ಲಾಹನು ನಮ್ಮೆಲ್ಲರಿಗೂ ದಯಪಾಲಿಸಲಿ. ಆಮೀನ್.